ಕಣ್ಣಿನ ಪಾಪೆ ಹೇಳಿದ್ದು

ನಮ್ಮ ಮಲೆನಾಡಿನ ಮನೆಯಲ್ಲಿ ಮತ್ತಿಗೆ ಸಂಬಂಧಿಸಿದ ಮಾತುಗಳಿಗೆ ಬರವಿರಲಿಲ್ಲ. ಹಸಿ ಅಡಿಕೆ ಅಗಿದು, ಬೆವತು, ತಲೆ ಹಿಡಿದು ಕೂತವರನ್ನು ಕಂಡರೆ ಅಜ್ಜಿ ‘ಅಡಿಕೆ ಸೊಕ್ಕಿದೆ’ ಎನ್ನುತ್ತಿದ್ದಳು. ಸಂತೆಯಿಂದ ತೂರಾಡುತ್ತ ಬಂದವನಿಗೆ ‘ಏರಿದೆ’. ಮರುದಿನ ಅವನೇ ತಲೆ ತಗ್ಗಿಸಿ ಬಂದರೆ ‘ಇಳಿದಿದೆ’. ಲೋಕದ ಅಮಲೆಲ್ಲ ಈ ಮೂರು ಮಾತಿನಲ್ಲಿ ಅಡಗಿದೆ ಎಂದು ನಾನು ನಂಬಿದ್ದೆ. ಹಾಗಲ್ಲ ಎಂದು ತಿಳಿಯಲು ಎರಡು ಸಲ ಪೆಟ್ಟು ತಿನ್ನಬೇಕಾಯಿತು.

ಮೊದಲನೆಯದು ಅಪ್ಪನಿಂದ. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ‘ದಾರಿಯಲ್ಲಿ ತಿಂದರಾಯಿತು’ ಎಂದು ಹೊರಟಿದ್ದರು. ಬಸ್ಸು ತಡವಾಯಿತು. ನಾನು ಹಣ್ಣು ಕೊಂಡು ಬರುವಷ್ಟರಲ್ಲಿ ಅಪ್ಪ ನೆಲದ ಮೇಲೆ ಕೂತಿದ್ದರು. ಅಂಗಿಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮುಟ್ಟಲು ಹೋದರೆ ಸಿಟ್ಟು. ‘ಕುಡಿದವರನ್ನ ಹತ್ತಿಸಲ್ಲಮ್ಮ’ ಎಂದ ಕಂಡಕ್ಟರ್. ಅವನ ಮಾತು ಇರಲಿ, ಹೆಂಡದ ಅಂಗಡಿಯ ಮೆಟ್ಟಿಲು ಹತ್ತದ ಅಪ್ಪನ ಬಾಯಿಯ ವಾಸನೆಯನ್ನು ನಾನೇ ಒಮ್ಮೆ ನೋಡಿದೆ. ಪಕ್ಕದ ಹೋಟೆಲಿನವರು ಕಂಡವರೇ ಸಕ್ಕರೆ ಕದಡಿದ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಪ್ಪ, ‘ಬಸ್ಸು ಬಂತೇನೆ?’ ಎಂದರು. ರಕ್ತದಲ್ಲಿ ಸಕ್ಕರೆ ಇಳಿದರೂ ಮನುಷ್ಯ ಕುಡಿದವನಂತೆಯೇ ಕಾಣುತ್ತಾನೆ ಎಂದು ಅಂದು ತಿಳಿಯಿತು.

ಎರಡನೆಯದು ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ನಮ್ಮ ಮನೆಯಲ್ಲಿದ್ದೇ ಕಾಲೇಜಿಗೆ ಹೋಗುತ್ತಿದ್ದ. ತಟ್ಟೆಯ ಮುಂದೆ ತೂಕಡಿಸುತ್ತಿದ್ದ, ಸುಮ್ಮನೆ ಮೂಗು ಕೆರೆದುಕೊಳ್ಳುತ್ತಿದ್ದ. ಬಾಯಲ್ಲಿ ವಾಸನೆಯಿಲ್ಲ, ಹೆಜ್ಜೆ ತಪ್ಪಿದ್ದಿಲ್ಲ. ‘ಓದಿ ಓದಿ ಸುಸ್ತು’ ಎಂದು ನಾನು ರಾತ್ರಿ ಬಾದಾಮಿ ಹಾಲು ಕೊಟ್ಟೆ. ದೀಪಾವಳಿಗೆ ಊರಿಗೆ ಹೋದಾಗ ಅಕ್ಕ ಫೋನು ಮಾಡಿದಳು: ‘ಮಗನಿಗೆ ಶೀತ ಕಣೇ. ಮೂಗು ಸೋರ್ತಿದೆ, ಆಕಳಿಕೆ ನಿಲ್ತಿಲ್ಲ, ಮೈಯೆಲ್ಲ ಮುಳ್ಳೇಳ್ತಿದೆ, ಹೊಟ್ಟೆನೋವು ಬೇರೆ.’ ನಾನು ಕಷಾಯ ಹೇಳಿದೆ.

ರಜೆ ಮುಗಿಸಿ ಬಂದ ಮಾರನೆಯ ರಾತ್ರಿ ಊಟಕ್ಕೆ ಎಬ್ಬಿಸಲು ಹೋದೆ. ವಿಚಿತ್ರವಾದ ಗೊರಕೆ. ತುಟಿ ನೀಲಿ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರೆಪ್ಪೆ ಎತ್ತಿ ಟಾರ್ಚು ಬಿಟ್ಟು, ‘ಪಾಪೆ ಸೂಜಿಮೊನೆಯಾಗಿದೆ. ಯಾವ ಮಾತ್ರೆ ತಗೊಂಡ?’ ಎಂದರು. ನಲೋಕ್ಸೋನ್ ಎಂಬ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಕ್ಕೆ ಹುಡುಗ ಕಣ್ಣು ಬಿಟ್ಟ. ಆ ಮದ್ದಿನ ಬಲ ಬೇಗ ಇಳಿಯುತ್ತದೆ, ಉಸಿರು ಮತ್ತೆ ಕುಗ್ಗಬಹುದು ಎಂದು ರಾತ್ರಿಯೆಲ್ಲ ಕಾವಲಿದ್ದರು. ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆಯಂತೆ.

ಮರುದಿನ ಆಕೆಯೇ ನನಗೆ ಅಕ್ಷರಾಭ್ಯಾಸ ಮಾಡಿಸಿದರು. ಅಫೀಮು, ಹೆರಾಯಿನ್, ಈ ಬಗೆಯ ಮಾತ್ರೆಗಳು ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತವೆ, ಮಂಪರು ತರುತ್ತವೆ, ಉಸಿರನ್ನು ನಿಧಾನಿಸುತ್ತವೆ. ದೊಡ್ಡವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಬೇಕು. ಕೊಕೇನಿನಂಥ ಉತ್ತೇಜಕಗಳು ಪಾಪೆಯನ್ನು ಹಿಗ್ಗಿಸಿ ಎದೆ ಬಡಿತ ಏರಿಸುತ್ತವೆ, ನಿದ್ದೆ ಹಸಿವು ಓಡಿಸುತ್ತವೆ. ಗಾಂಜಾಕ್ಕೆ ಕಣ್ಣು ಕೆಂಪು, ಬಾಯಿ ಒಣ, ಹಸಿವು ಜಾಸ್ತಿ. ಹೆಂಡಕ್ಕೆ ತೊದಲು, ತೂರಾಟ. ಓರೆನೋಟದಲ್ಲಿ ಕಣ್ಣುಗುಡ್ಡೆ ಅದುರುತ್ತದೆ. ರಸ್ತೆಯಲ್ಲಿ ಪೊಲೀಸರು ಊದಿಸುವ ಯಂತ್ರಕ್ಕೆ ಹೆಂಡ ಮಾತ್ರ ಗೊತ್ತು. 1988ರ ಮೋಟಾರು ವಾಹನ ಕಾಯಿದೆಯಾದರೋ ಮಾದಕ ಸೇವಿಸಿ ಹತೋಟಿ ತಪ್ಪಿ ಗಾಡಿ ಓಡಿಸುವವನನ್ನೂ ಹಿಡಿಯುತ್ತದೆ.

ಇನ್ನೆರಡು ಮಾತು ನನ್ನನ್ನು ಚುಚ್ಚಿದವು. ಅಕ್ಕ ಹೇಳಿದ ‘ಶೀತ’ ಶೀತವಲ್ಲ, ‘ವಿತ್‌ಡ್ರಾಯಲ್’. ಮದ್ದು ಸಿಗದೆ ಮೈ ಗೋಳಾಡುವುದು. ದಿನಾ ನುಂಗುತ್ತ ಹೋದಂತೆ ಹಳೆಯ ಪ್ರಮಾಣ ಸಾಲದೆ ಹೋಗುವುದು ‘ಟಾಲರೆನ್ಸ್’. ಕೆಲವು ದಿನ ಬಿಟ್ಟರೆ ಆ ತಾಳಿಕೆ ಇಳಿಯುತ್ತದೆ. ಆಮೇಲೆ ಹಳೆಯ ಲೆಕ್ಕದಲ್ಲೇ ನುಂಗಿದವನಿಗೆ ಅದೇ ಪ್ರಮಾಣ ಯಮನಾಗುತ್ತದೆ. ನಮ್ಮ ಹುಡುಗನಿಗೆ ಆದದ್ದು ಅದೇ. ಹಬ್ಬದ ಹದಿನೈದು ದಿನ ಅವನು ಬಿಟ್ಟಿದ್ದ. ಬಿಟ್ಟಿದ್ದಾನೆಂದು ತಿಳಿಯುವ ಕಣ್ಣು ನಮಗಿರಲಿಲ್ಲ.

‘ಆದರೆ ಗುರುತು ಸಿಕ್ಕಿತೆಂದು ತೀರ್ಪು ಕೊಡಬೇಡಿ’ ಎಂದರು ಡಾಕ್ಟರಮ್ಮ. ತಲೆಗೆ ಪೆಟ್ಟು, ಪಾರ್ಶ್ವವಾಯು, ಇಳಿದ ಸಕ್ಕರೆ, ಎಲ್ಲವೂ ಅಮಲಿನ ವೇಷ ಹಾಕುತ್ತವೆ. ಎಚ್ಚರವಿಲ್ಲದವರ ಬಾಯಿಗೆ ಮಜ್ಜಿಗೆ, ನಿಂಬೆರಸ, ಕಾಫಿ ಏನೂ ಹೊಯ್ಯಬಾರದು. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಹೇಳಿ, ಉಸಿರು ಎಣಿಸುತ್ತ ಪಕ್ಕದಲ್ಲೇ ಕೂರಬೇಕು. ಬೈಗುಳಕ್ಕೆ ನಾಳೆ ಇದ್ದೇ ಇದೆ.

ಬೈಯುವ ನಾಳೆ ಬಂದಾಗ ನನಗೆ ಬಾಯಿ ಬರಲಿಲ್ಲ. ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಗೆ ಸೇರಿದ. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ಈಗ ಕೆಲಸದಲ್ಲಿದ್ದಾನೆ. ಕಳೆದ ಯುಗಾದಿಗೆ ಬಂದಾಗ ಹೋಳಿಗೆ ಬಡಿಸುತ್ತ ಅವನ ಮುಖ ನೋಡಿದೆ.

‘ಚಿಕ್ಕಮ್ಮಾ, ಪಾಪೆ ನೋಡ್ತಿದ್ದೀಯಾ?’ ಎಂದ.

‘ಹೂಂ ಕಣೋ’ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವನು ತಟ್ಟೆಯಿಂದ ತಲೆಯೆತ್ತಿ, ಕಣ್ಣು ಅಗಲಿಸಿ, ‘ಸರಿಯಾಗಿ ನೋಡಿಬಿಡು’ ಎಂದು ಕಿಟಕಿಯ ಬೆಳಕಿಗೆ ತಿರುಗಿ ಕೂತ.