ಹೆಸರು ನಮ್ಮೂರಿನದು, ಆಟ ಮಾತ್ರ ದೂರ

2024ರ ಸೆಪ್ಟೆಂಬರ್ 1ರ ರಾತ್ರಿ ನಂಜನಗೂಡಿನ ಟೀ ಅಂಗಡಿಯಲ್ಲಿ ಒಂದೇ ಫೋನಿನ ಸುತ್ತ ಏಳೆಂಟು ಜನ ಕೂತಿದ್ದೆವು. ಮಹಾರಾಜ ಟ್ರೋಫಿ ಫೈನಲ್. ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್ 207 ರನ್ ಹೊಡೆದು, ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಸೋಲಿಸಿತು. ಕುಣಿದೆವು. ಟಿ. ನರಸೀಪುರದಿಂದ ಬಂದಿದ್ದ ಗೆಳೆಯ ಕೇಳಿದ: “ಮೈಸೂರು ಗೆದ್ದಿದ್ದು ಸರಿ ಕಣ್ಲಾ, ಮೈಸೂರಲ್ಲಿ ಯಾಕೆ ಆಡ್ನಿಲ್ಲ?”

2022ರಲ್ಲಿ ಮೊದಲ ಪಂದ್ಯಗಳು ಮೈಸೂರಿನಲ್ಲೇ ನಡೆದಿದ್ದವು. ಮುಂದಿನ ಎರಡು ವರ್ಷ ಎಲ್ಲವೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ.

ಆಗ ಅಮೆರಿಕದ ಬ್ರೂಕ್ಲಿನ್ ಜನರ ಕತೆ ನೆನಪಾಯಿತು. ಅವರ ಬೇಸ್‌ಬಾಲ್ ತಂಡ ಡಾಡ್ಜರ್ಸ್ 1955ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮಾಲೀಕರು ಕೇಳಿದ ಕಡೆ ಹೊಸ ಸ್ಟೇಡಿಯಂಗೆ ಜಾಗ ಸಿಗಲಿಲ್ಲ. 1957ರ ಸೀಸನ್ ಮುಗಿದ ಮೇಲೆ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು, ಡಾಡ್ಜರ್ಸ್ ಎಂಬ ಹೆಸರನ್ನೂ ಹೊತ್ತುಕೊಂಡು. 1960ರಲ್ಲಿ ಹಳೇ ಮೈದಾನವನ್ನೂ ಕೆಡವಿದರು. ನಮಗೆ ಹೆಸರಾದರೂ ಉಳಿದಿದೆ ಅಂದುಕೊಂಡೆವು.

2025ರಲ್ಲಿ ಟೂರ್ನಿ ಮೈಸೂರಿಗೇ ಬಂತು. ಜೂನ್ 4ರಂದು ಚಿನ್ನಸ್ವಾಮಿ ಎದುರಿನ ಕಾಲ್ತುಳಿತದಲ್ಲಿ 11 ಜನ ಸತ್ತಿದ್ದರು, ಬೆಂಗಳೂರಿನಲ್ಲಿ ಆಡಿಸುವಂತಿರಲಿಲ್ಲ. ಮಾನಸಗಂಗೋತ್ರಿಯ ಒಡೆಯರ್ ಮೈದಾನ ನಮಗೆ ಒಂದು ಗಂಟೆಯ ಬಸ್ ದಾರಿ. ಆದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮತ್ತೆ ಅದೇ ಟೀ ಅಂಗಡಿ, ಅದೇ ಫೋನು.

ಅಷ್ಟು ಜೀವ ಹೋದ ಮೇಲೆ ಗೇಟು ಹಾಕಿದ್ದನ್ನು ತಪ್ಪೆನ್ನಲಾರೆವು. ಆದರೂ ಊರಿನ ಹೆಸರಿಟ್ಟುಕೊಂಡ ತಂಡದ ಎರಡು ಪಂದ್ಯವನ್ನಾದರೂ ಊರಿನವರು ಬೇಲಿ ಪಕ್ಕ ನಿಂತು ನೋಡುವಂತಾಗಲಿ. ಬಸ್ ಚಾರ್ಜು ನಾವೇ ಹಾಕ್ಕೋತೀವಿ.