ಮುಸಾಫಿರನ ನೆಪ

2022ರ ಸೆಪ್ಟೆಂಬರ್‌ನಲ್ಲಿ, ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ ಕೋಡಿ ಬಿದ್ದ ತಿಂಗಳಲ್ಲೇ, ನಾನು ಐಮಂಗಲವನ್ನು ಬಿಟ್ಟು ಜರ್ಮನಿಯ ಆಖೆನ್ ನಗರಕ್ಕೆ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಹೊರಟೆ. ಅಲ್ಲಿ ಬೋಧನಾ ಶುಲ್ಕವಿರಲಿಲ್ಲ. ಆದರೆ ವೀಸಾ ದೊರೆಯಬೇಕಾದರೆ ಒಂದು ವರ್ಷದ ಜೀವನವೆಚ್ಚವೆಂದು 10,332 ಯೂರೋಗಳನ್ನು ಮೊದಲೇ ಖಾತೆಯೊಂದರಲ್ಲಿ ಇರಿಸಿ ತೋರಿಸಬೇಕಿತ್ತು. ಅದು ತಿಂಗಳಿಗೆ 861 ಯೂರೋಗಳಂತೆ ನಮ್ಮ ಕೈಗೆ ಮರಳುತ್ತಿತ್ತು. ನಮ್ಮ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮಿಕ್ಕ ಹಣ. ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವ ಅಬ್ಬಾ ಬಡ್ಡಿಯ ಸಾಲವನ್ನು ಮುಟ್ಟಲು ಒಪ್ಪದೆ, ಶೇಂಗಾ ಬೆಳೆಯುತ್ತಿದ್ದ ಒಂದೂವರೆ ಎಕರೆಯನ್ನು ಮಾರಿದರು.

ಆ ಜಮೀನಿನ ಭಾರ ತಲೆಯ ಮೇಲಿದ್ದುದರಿಂದಲೋ ಏನೋ, ಆಖೆನ್‌ನಲ್ಲಿ ನನಗೆ ಎಲ್ಲವೂ ತಾತ್ಕಾಲಿಕವಾಗಿಯೇ ಕಂಡಿತು. ಓದಬೇಕು, ದುಡಿಯಬೇಕು, ಹಿಂದಿರುಗಬೇಕು. ನನ್ನ ಪೆಟ್ಟಿಗೆಯನ್ನೂ ಪೂರ್ತಿಯಾಗಿ ಬಿಚ್ಚಿರಲಿಲ್ಲ. ಮನೆಯ ಮಾಲೀಕರು ಕೊಟ್ಟ ನಿಯಮಗಳ ಪತ್ರವೂ ಓದದೆ ಅದರಲ್ಲೇ ಬಿದ್ದಿತ್ತು. ಝುಹರ್, ಅಸರ್, ಇಶಾ ನಮಾಝ್‌ಗಳನ್ನು ಎರಡೆರಡೇ ರಕಅತ್‌ಗಳಲ್ಲಿ ಮುಗಿಸುತ್ತಿದ್ದೆ. ನಾನು ಮುಸಾಫಿರ್, ಪ್ರಯಾಣಿಕನಿಗೆ ಅಲ್ಲಾಹನು ರಿಯಾಯಿತಿ ನೀಡಿದ್ದಾನೆ ಎಂಬುದು ನನ್ನ ಸಮಾಧಾನ. ಅದರ ನಿಯಮಗಳನ್ನು ಯಾರಲ್ಲೂ ಕೇಳಿರಲಿಲ್ಲ. ಕೇಳಿದರೆ ಬೇರೆ ಉತ್ತರ ಬಂದೀತೆಂಬ ಅಂಜಿಕೆ ಒಳಗೆ ಇತ್ತೆಂದು ಈಗ ಅನಿಸುತ್ತದೆ.

ಆಖೆನ್‌ನಲ್ಲಿ ವಿಶ್ವವಿದ್ಯಾನಿಲಯದ ಸಮೀಪವೇ ಬಿಲಾಲ್ ಮಸೀದಿಯಿದೆ. 1960ರ ದಶಕದಲ್ಲಿ ಅಲ್ಲಿ ಓದಲು ಬಂದಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಪ್ರಯತ್ನದಿಂದ ಎದ್ದು ನಿಂತದ್ದು. ನವೆಂಬರ್‌ನ ಒಂದು ದಿನ, ಜಮಾಅತ್ ತಪ್ಪಿ ಒಬ್ಬನೇ ಅಸರ್ ಮುಗಿಸಿ ಎದ್ದಾಗ, ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ ತುರ್ಕಿಯ ವೃದ್ಧರೊಬ್ಬರು ಕರೆದರು.

“ಎರಡೇ ರಕಅತ್ ಮಾಡಿದೆಯಲ್ಲ ಮಗನೇ, ಎಲ್ಲಿಂದ ಬಂದೆ?”

“ಭಾರತದಿಂದ.”

“ಇವತ್ತು ಎಲ್ಲಿಂದ ಬಂದೆ?”

ನಾನು ನನ್ನ ಬೀದಿಯ ಹೆಸರು ಹೇಳಿದೆ. ಅವರು ನಕ್ಕರು. ನಾವಿಬ್ಬರೂ ಹನಫೀಗಳು. ಒಂದು ಊರಿನಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ನೆಲೆಸುವ ಸಂಕಲ್ಪ ಮಾಡಿದವನು ಮುಸಾಫಿರನಲ್ಲ, ಮುಕೀಮ್, ಅಂದರೆ ಆ ಊರಿನ ನಿವಾಸಿ ಎಂದು ವಿವರಿಸಿದರು. 1961ರಲ್ಲಿ ಜರ್ಮನಿ ಮತ್ತು ತುರ್ಕಿಯ ನಡುವೆ ಕಾರ್ಮಿಕರ ಒಪ್ಪಂದವಾದ ಮೇಲೆ ಅವರ ತಂದೆ ಇಲ್ಲಿನ ಕಲ್ಲಿದ್ದಲು ಗಣಿಗೆ ಬಂದವರಂತೆ. ಎರಡು ವರ್ಷಕ್ಕೆಂದು ಬಂದವರು, ಪೆಟ್ಟಿಗೆಯನ್ನು ಕಪಾಟಿನ ಮೇಲೆ ಇಟ್ಟೇ ಬದುಕು ಮುಗಿಸಿದರಂತೆ. “ಅವರಿಗೆ ನೆರೆಮನೆಯವರ ಹೆಸರೂ ಗೊತ್ತಿರಲಿಲ್ಲ” ಎಂದರು.

ಆ ಮಾತು ಚುಚ್ಚಿತು. ನನಗೂ ಗೊತ್ತಿರಲಿಲ್ಲ.

ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಖಾಲಿ ಮಾಡಿದೆ. ಮಾಲೀಕರ ಪತ್ರ ಸಿಕ್ಕಿತು. ನಿಘಂಟು ಹಿಡಿದು ಓದಿದಾಗ ತಿಳಿಯಿತು: ಕಟ್ಟಡದ ಮೆಟ್ಟಿಲುಗಳನ್ನು ವಾರಕ್ಕೊಂದು ಮನೆಯವರು ಸರದಿಯಂತೆ ತೊಳೆಯಬೇಕು. ಇದ್ದ ಮನೆಗಳು ಮೂರು. ನನ್ನ ಸರದಿ ಆಗಲೇ ಎರಡು ಬಾರಿ ಬಂದು ಹೋಗಿತ್ತು. ಆದರೂ ಮೆಟ್ಟಿಲುಗಳು ಒಂದು ವಾರವೂ ಕೊಳೆಯಾಗಿರಲಿಲ್ಲ.

ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಎಂಬತ್ತು ದಾಟಿದ, ಕೋಲೂರಿ ನಡೆಯುವ ಅಜ್ಜಿ. ನನ್ನ ಹರಕು ಜರ್ಮನ್‌ನಲ್ಲಿ ಕ್ಷಮೆ ಕೇಳಿದೆ. “ನಿಮಗೆ ಓದು ಹೆಚ್ಚಿರಬೇಕೆಂದುಕೊಂಡೆ” ಎಂದಷ್ಟೇ ಅವರು ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ನೆರೆಯವರ ಹಕ್ಕಿನ ಕುರಿತು ಬಾಲ್ಯದಿಂದ ಎಷ್ಟು ಪ್ರವಚನಗಳನ್ನು ಕೇಳಿಲ್ಲ ನಾವು! ಐಮಂಗಲದಲ್ಲಿ ಈದ್ ದಿನ ಪಕ್ಕದ ಮನೆಗಳಿಗೆಲ್ಲ ಶೀರ್‌ಕುರ್ಮಾ ಹೊತ್ತುಕೊಂಡು ಹೋಗುತ್ತಿದ್ದವನು ನಾನೇ. ಇಲ್ಲಿ ಒಬ್ಬ ವೃದ್ಧೆ ನೋಯುವ ಮಂಡಿಯೂರಿ ನನ್ನ ಪಾಲಿನ ಮೆಟ್ಟಿಲುಗಳನ್ನು ಒರೆಸುವಾಗ ನಾನು ಮೇಲಿನ ಕೋಣೆಯಲ್ಲಿ ಮುಸಾಫಿರನಾಗಿ ಕುಳಿತಿದ್ದೆ. ಏಳು ವಾರಗಳ ನೂರೈವತ್ತರಷ್ಟು ನಮಾಝ್‌ಗಳನ್ನು ಆ ಚಳಿಗಾಲವಿಡೀ ಕಝಾ ಮಾಡಿ ತೀರಿಸಿದೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ರಾತ್ರಿಗಳಿಗೆ ಕೊರತೆಯಿಲ್ಲ. ಮೆಟ್ಟಿಲುಗಳ ಕಝಾ ಹೇಗೆಂದು ಯಾವ ಕಿತಾಬಿನಲ್ಲೂ ನಾನು ಕಂಡಿಲ್ಲ. ಅಜ್ಜಿಯ ಸರದಿಯನ್ನೂ ನಾನೇ ವಹಿಸಿಕೊಂಡೆ. ಮೊದಲು ಅವರು ಒಪ್ಪಲಿಲ್ಲ. ನಿಯಮವೆಂದರೆ ನಿಯಮ ಎಂದರು. ಆಮೇಲೆ ಸರದಿಯ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೂಲೆಗಳಲ್ಲಿ ಉಳಿದ ಧೂಳನ್ನು ಕೋಲಿನಿಂದ ತೋರಿಸತೊಡಗಿದರು. ನನ್ನ ಜರ್ಮನ್ ಸುಧಾರಿಸಿದ್ದು ತರಗತಿಯಲ್ಲಲ್ಲ, ಆ ಮೆಟ್ಟಿಲುಗಳ ಮೇಲೆ.

ಪ್ರಯಾಣದ ನಿಯಮ ತಿಳಿದ ಮೇಲೆ ಯೂರೋಪಿನ ನಕ್ಷೆಯೇ ಬೇರೆಯಾಗಿ ಕಂಡಿತು. ಆಖೆನ್‌ನ ಅಂಚಿನಲ್ಲಿ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಸೇರುವ ಗಡಿಕಲ್ಲಿದೆ. ಒಂದೇ ಮಧ್ಯಾಹ್ನ ಮೂರು ದೇಶಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಂದರೂ ನಾನು ಮುಸಾಫಿರನಲ್ಲ. ಅದೇ ಐಮಂಗಲದಿಂದ ನೂರೈವತ್ತು ಕಿ.ಮೀ.ಗೂ ದೂರದ ಬೆಂಗಳೂರಿಗೆ ಎರಡು ದಿನಕ್ಕೆ ಹೋದರೆ ಮುಸಾಫಿರ್. ಪಾಸ್‌ಪೋರ್ಟಿನ ಲೆಕ್ಕ ಒಂದು, ಶರೀಅತ್‌ನ ಲೆಕ್ಕ ಇನ್ನೊಂದು.

2024ರ ವಸಂತದಲ್ಲಿ ಸಹಪಾಠಿಗಳೊಂದಿಗೆ ಸ್ಪೇನಿನ ಕೊರ್ಡೋಬಾಕ್ಕೆ ಹೋದಾಗ ನಾನು ನಿಜವಾಗಿಯೂ ಮುಸಾಫಿರನಾಗಿದ್ದೆ. ಅಬ್ದುರ್ರಹ್ಮಾನ್ ಒಂದನೆಯವನು 785ರ ಸುಮಾರಿಗೆ ಕಟ್ಟಿಸಲಾರಂಭಿಸಿದ ಮಹಾಮಸೀದಿ 1236ರಿಂದ ಇಗರ್ಜಿ. ಕೆಂಪು-ಬಿಳಿ ಕಮಾನುಗಳ ಕೆಳಗೆ ಎಂಟುನೂರಕ್ಕೂ ಮಿಕ್ಕ ಕಂಬಗಳು, ಕಣ್ಣು ಹೋದಷ್ಟು ದೂರ. ಅಲ್ಲಿ ಮುಸ್ಲಿಮರ ನಮಾಝ್‌ಗೆ ಅನುಮತಿಯಿಲ್ಲ. ಮಿಹ್ರಾಬ್‌ನ ಮುಂದೆ ಕೈಕಟ್ಟಲಾಗದೆ ನಿಂತದ್ದು ನೋವಿನ ಗಳಿಗೆಯೇ. ಆದರೆ ಕಳೆದ ವೈಭವಕ್ಕೆ ಕಣ್ಣೀರಿಡುವ ಪ್ರವಾಸಕಥನಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ನಾನು ಹೊರಬಂದು, ಗ್ವಾದಲ್‌ಕಿವಿರ್ ನದಿಯ ದಂಡೆಯಲ್ಲಿ ಝುಹರ್‌ನ ಎರಡು ರಕಅತ್ ನಿರ್ವಹಿಸಿದೆ. ಈ ಬಾರಿ ಆ ಎರಡು ರಕಅತ್‌ಗಳಲ್ಲಿ ಕಳ್ಳತನವಿರಲಿಲ್ಲ.

ಆ ವರ್ಷವೇ ಹನ್ನೆರಡು ದಿನಗಳ ರಜೆಯಲ್ಲಿ ಊರಿಗೆ ಬಂದೆ. ಹದಿನೈದಕ್ಕೆ ಮೂರು ದಿನ ಕಡಿಮೆ. ನಮ್ಮ ಮಸೀದಿಯ ಇಮಾಮರನ್ನು ಕೇಳಿದಾಗ, ಹುಟ್ಟೂರಿನಲ್ಲಿ, ತಂದೆತಾಯಿಯ ಮನೆಯಲ್ಲಿ ಒಂದು ಹೊತ್ತು ತಂಗಿದರೂ ನಾಲ್ಕು ರಕಅತ್‌ಗಳೇ ಎಂದರು. ಅಬ್ಬಾ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮಿ, “ಅಲ್ಲಿ ಆ ಅಜ್ಜಿಗೆ ಈಗ ಯಾರು ಮೆಟ್ಟಿಲು ತೊಳೆದುಕೊಡುತ್ತಾರೆ?” ಎಂದು ಕೇಳಿದರು. ಮೂರನೆಯ ಮನೆಯ ಹುಡುಗನೊಡನೆ ಸರದಿ ಬದಲಿಸಿಕೊಂಡು, ಹೊರಡುವ ದಿನವೂ ಒಮ್ಮೆ ತೊಳೆದೇ ಬಂದಿದ್ದೇನೆ ಎಂದೆ.