ಗರಡಿಯಿಂದ ಬಂದ ನಟ

ಬೆಳ್ಳಿತೆರೆಯ ರಾಜ್ಯದಲ್ಲಿ ಮುಖ ಚೆಲುವಾಗಿರುವವರಿಗೆ ಒಂದು ನ್ಯಾಯ, ಮೈ ಗಟ್ಟಿಯಾಗಿರುವವರಿಗೆ ಇನ್ನೊಂದು ನ್ಯಾಯ. ಚೆಲುವನು ಎಷ್ಟೇ ತಪ್ಪು ಮಾಡಲಿ, ಕೊನೆಯ ರೀಲಿನಲ್ಲಿ ಅವನಿಗೆ ಕ್ಷಮೆ ಕಾದಿರುತ್ತದೆ. ಹುರಿಗಟ್ಟಿದ ತೋಳು, ದಪ್ಪ ಹುಬ್ಬು, ಗಡಸು ಕಂಠ ಇದ್ದವನು ಬಾಗಿಲಲ್ಲಿ ಬಂದು ನಿಂತನೆಂದರೆ ಸಾಕು, ಕಥೆ ಏನೆಂದು ತಿಳಿಯುವ ಮೊದಲೇ ಹೆಂಗಸರು ಮಕ್ಕಳನ್ನು ತೊಡೆಯ ಮೇಲೆಳೆದುಕೊಳ್ಳುತ್ತಾರೆ. ಈ ಎರಡನೆಯ ನ್ಯಾಯಕ್ಕೆ ಗುರಿಯಾಗಿಯೂ ಅದರಿಂದ ಮೈ ಕೊಡವಿಕೊಂಡು ಎದ್ದ ಒಬ್ಬ ನಟರ ಮಾತನ್ನು ಹೇಳಬೇಕೆಂದು ಬಹುದಿನಗಳಿಂದ ನನಗೆ ಅನ್ನಿಸುತ್ತಿತ್ತು. ಅವರು ಎಂ. ಪಿ. ಶಂಕರ್. ಅವರ ಮಾತು ಬಂದರೆ ನನ್ನ ಅಣ್ಣನ ಮಾತೂ ಬರದೆ ಇರಲಾರದು. ವಾಚಕರು ಅದನ್ನು ಸಹಿಸಿಕೊಳ್ಳಬೇಕು.

ನಮ್ಮೂರು ಹುಲಕೋಟಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲು ಅಣ್ಣಿಗೇರಿ ದಾಟಿದ ಮೇಲೆ ಇಲ್ಲಿ ನಿಲ್ಲುತ್ತದೆ. ಸುತ್ತಲೂ ಎರೆಹೊಲ, ಹತ್ತಿ, ಜೋಳ, ಕುಸುಬಿ. ಇಂದು ಸಹಕಾರ ಸಂಘಗಳಿಂದ ಹೆಸರಾಗಿರುವ ಈ ಊರಿನಲ್ಲಿ ನನ್ನ ಬಾಲ್ಯದ ದೊಡ್ಡ ಸಂಸ್ಥೆಯೆಂದರೆ ನಮ್ಮ ಓಣಿಯ ಗರಡಿಮನೆಯೇ. ಕರಿಮಣ್ಣಿನ ಸೀಮೆಯಲ್ಲಿ ಗರಡಿಗೆ ಬೇಕಾದ ಕೆಮ್ಮಣ್ಣನ್ನು ಬೇರೆಡೆಯಿಂದ ಗಾಡಿಯಲ್ಲಿ ತರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡುತ್ತಿದ್ದರು. ಆ ಮಣ್ಣಿನಲ್ಲಿ ನಮ್ಮಣ್ಣ ಬೆಳೆದನು. ಬೆಳಗಿನ ಜಾವ ಎದ್ದು ದಂಡ, ಬೈಠಕ್. ಆಮೇಲೆ ಹೊಲದ ಕೆಲಸ. ಸಂಜೆ ಮತ್ತೆ ತಾಲೀಮು. ಅವನ ಖುರಾಕಿಗೆಂದು ಅವ್ವ ನಮಗೆ ಬಡಿಸುವ ತುಪ್ಪದ ಮಿಳ್ಳೆಯನ್ನು ಅರ್ಧಕ್ಕೇ ಎತ್ತಿಬಿಡುತ್ತಿದ್ದಳು.

ಇಂಥ ಮೈಯಿಂದ ಅವನಿಗೆ ದೊರೆತದ್ದೇನು? ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿಯ ಕಡಗ ದೊರೆಯಿತು, ನಿಜ. ಆದರೆ ಊರಿನವರು ನಾಟಕ ಆಡಿದಾಗಲೆಲ್ಲ ಅವನ ಪಾಲಿಗೆ ಬರುತ್ತಿದ್ದುದು ಕೀಚಕನೋ, ದುಶ್ಶಾಸನನೋ. ಕುಮಾರವ್ಯಾಸನ ಗದುಗಿನ ನೆರಳಿನಲ್ಲಿದ್ದ ಊರಾದರೂ ಭೀಮನ ಪಾತ್ರವನ್ನು ಅವನಿಗೆ ಒಮ್ಮೆಯಾದರೂ ಕೊಡಬೇಕೆಂದು ಯಾರಿಗೂ ತೋರಲಿಲ್ಲ. ಆ ಪಾತ್ರ ಹಾರ್ಮೋನಿಯಂ ಪೆಟ್ಟಿಗೆಗೆ ಹಣ ಕೊಟ್ಟವರ ಮಗನಿಗೆ ಮೀಸಲು. ಹೆಣ್ಣು ನೋಡಲು ಹೋದ ಎರಡು ಮನೆಗಳಿಂದಲೂ ಒಂದೇ ಉತ್ತರ ಬಂದಿತು: “ಹುಡುಗ ಭಾಳ ಒರಟ ಕಾಣತಾನ್ರೀ.” ಮೂರನೆಯ ಮನೆಯವರು ಕೊಟ್ಟರು. ಮದುವೆಯಾಗಿ ವರ್ಷ ಕಳೆದ ಮೇಲೆ ಅತ್ತಿಗೆ ಅವ್ವನೊಡನೆ, “ಇವರ ದನಿ ಏರಿದ್ದು ಎತ್ತು ಹೊಡಿಯೋ ಮುಂದ ಅಷ್ಟ ಕೇಳೇನಿ” ಎಂದಳಂತೆ.

‘ಸತ್ಯ ಹರಿಶ್ಚಂದ್ರ’ ಚಿತ್ರ ತೆರೆಗೆ ಬಂದುದು 1965ರಲ್ಲಿ. ನಾನಾಗ ಹತ್ತು ವರ್ಷದವನು. ಅಪ್ಪ, ಅವ್ವ, ಅಣ್ಣ, ನಾನು ಬುತ್ತಿ ಕಟ್ಟಿಕೊಂಡು ಆರೇಳು ಮೈಲಿ ದೂರದ ಗದಗಿಗೆ ಹೋಗಿ ನೋಡಿದೆವು. ರಾಜಕುಮಾರರ ಹರಿಶ್ಚಂದ್ರ, ಪಂಡರಿಬಾಯಿಯವರ ತಾರಾಮತಿ, ಉದಯಕುಮಾರರ ವಿಶ್ವಾಮಿತ್ರ ಇವರನ್ನು ಕಂಡು ಅವ್ವ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಲೇ ಇದ್ದಳು. ಅಷ್ಟರಲ್ಲಿ ಸ್ಮಶಾನದ ಒಡೆಯ ವೀರಬಾಹು ಬಂದನು. ಬೆಟ್ಟದಂಥ ಆಳು. ಹರಿಶ್ಚಂದ್ರನನ್ನು ಕೊಂಡುಕೊಳ್ಳುವ ಈ ಮನುಷ್ಯ ಈಗ ಬಡಿಯುತ್ತಾನೆ, ಈಗ ಒದೆಯುತ್ತಾನೆ ಎಂದು ನಾನು ಕಾದೆನು. ಅವನಾದರೋ ಕುಣಿದನು, ಕುಲದಲ್ಲಿ ಮೇಲಾವುದು ಕೀಳಾವುದು ಎಂದು ಕೇಳುವ ಹಾಡನ್ನು ಹಾಡಿದನು. ಕಂಠ ಘಂಟಸಾಲರದು, ಮೈ ಶಂಕರರದು. ಆ ಹಾಡನ್ನು ಇಂದಿಗೂ ಕನ್ನಡ ನಾಡಿನ ಸಭೆ ಸಮಾರಂಭಗಳಲ್ಲಿ ಹಾಡುತ್ತಾರೆ. ಹಾಡುವಾಗ ಕಣ್ಣ ಮುಂದೆ ಬರುವುದು ಮಾತ್ರ ಆ ಅಗಲವಾದ ಎದೆಯೂ ಎತ್ತಿದ ತೋಳೂ ಅಲ್ಲವೇ!

ಅಣ್ಣ ಅಪ್ಪನ ಕಿವಿಯಲ್ಲಿ ಕೇಳಿದನು: “ಅಂವಾ ಯಾರು? ಮೈ ನೋಡಿದ್ರ ನಮ್ಮ ತಾಲೀಮಿನಾಂವ ಕಂಡಂಗ ಕಾಣತಾನ.”

ಅವನ ಊಹೆ ತಪ್ಪಾಗಿರಲಿಲ್ಲ. ಮೈಸೂರಿನಲ್ಲಿ 1935ರಲ್ಲಿ ಹುಟ್ಟಿದ ಶಂಕರ್ ಕುಸ್ತಿಯ ಪೈಲ್ವಾನರು. ದಸರಾ ಕುಸ್ತಿಗೆ ಹೆಸರಾದ ಊರು ಅದು. ಅಲ್ಲಿ ಓಣಿಗೊಂದು ಗರಡಿ. ಹುಣಸೂರು ಕೃಷ್ಣಮೂರ್ತಿಯವರ ‘ರತ್ನಮಂಜರಿ’ಯಲ್ಲಿ 1962ರಲ್ಲಿ ಅವರು ತೆರೆಯ ಮೇಲೆ ಕಾಣಿಸಿಕೊಂಡರು, ಮೂರು ವರ್ಷಗಳ ಮೇಲೆ ಅವರನ್ನು ವೀರಬಾಹು ಮಾಡಿದವರೂ ಅದೇ ನಿರ್ದೇಶಕರು. ಅತ್ತ ಮುಂಬಯಿಯಲ್ಲಿ ಪಂಜಾಬಿನ ಜಟ್ಟಿ ದಾರಾಸಿಂಗ್ ‘ಕಿಂಗ್ ಕಾಂಗ್’ ಚಿತ್ರದ ನಾಯಕನಾದುದೂ 1962ರಲ್ಲಿಯೇ. ಮುಂಬಯಿ ತನ್ನ ಪೈಲ್ವಾನನಿಗೆ ನಾಯಕನ ಪಟ್ಟ ಕಟ್ಟಿತು; ನಾವು ನಮ್ಮವನಿಗೆ ಹೆಚ್ಚಾಗಿ ಖಳನ ಮೀಸೆ ಅಂಟಿಸಿದೆವು. ಯಾರದು ಜಾಣತನ ಎಂಬುದನ್ನು ನಾನು ತೀರ್ಮಾನಿಸಲಾರೆ. ನಾಯಕನಾದವನು ಚಿತ್ರಚಿತ್ರಕ್ಕೂ ಒಂದೇ ಕೆಲಸ ಮಾಡಬೇಕು. ಖಳನಿಗಾದರೂ ಅಷ್ಟಿಷ್ಟು ಬಗೆಯ ಬಾಳು ದೊರೆಯುತ್ತದೆ.

ಆ ಕಾಲದ ಕನ್ನಡ ಚಿತ್ರಗಳಲ್ಲಿ ಗಡಸು ಆಳುಗಳಿಗೆ ಬರವಿರಲಿಲ್ಲ. ಉದಯಕುಮಾರರಿದ್ದರು, ಆಮೇಲೆ ವಜ್ರಮುನಿ ಬಂದರು. ತೂಗುದೀಪ ಶ್ರೀನಿವಾಸರಿಗಂತೂ 1966ರ ಚಿತ್ರವೊಂದರ ಹೆಸರೇ ಮನೆತನದ ಹೆಸರಾಗಿ ನಿಂತಿತು. ಇವರೆಲ್ಲರಿಗಿಂತ ಶಂಕರ್ ಬೇರೆಯಾದುದು, ನನ್ನ ಎಣಿಕೆಯಲ್ಲಿ, ಅವರು ಕಾಡಿನ ಕಡೆಗೆ ಮುಖಮಾಡಿದ್ದರಿಂದ. 1969ರಲ್ಲಿಯೇ ‘ಕಾಡಿನ ರಹಸ್ಯ’ ಬಂದಿದ್ದಿತು. 1973ರಲ್ಲಿ ಅವರೇ ನಿರ್ಮಾಪಕರಾಗಿ, ವಿಜಯ್ ಅವರ ನಿರ್ದೇಶನದಲ್ಲಿ, ‘ಗಂಧದ ಗುಡಿ’ಯನ್ನು ತೆಗೆದರು. ರಾಜಕುಮಾರರು ಅರಣ್ಯಾಧಿಕಾರಿ, ಎದುರಿಗೆ ವಿಷ್ಣುವರ್ಧನರು. ಮರಗಳ್ಳರಿಂದ ಕಾಡನ್ನು ಉಳಿಸುವ ಕಥೆ. ಆ ವರ್ಷವನ್ನು ನೆನೆದುಕೊಳ್ಳಿ: ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಟ್ಟಿ ಒಂದು ವರ್ಷವಾಗಿತ್ತಷ್ಟೇ, ಬಂಡೀಪುರವನ್ನು ಒಳಗೊಂಡು ಹುಲಿ ಯೋಜನೆ ಆರಂಭವಾದುದು ಅದೇ ಏಪ್ರಿಲಿನಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೂ ಅದೇ ನವೆಂಬರಿನಲ್ಲಿ. ಬೇಟೆಯನ್ನು ಶೌರ್ಯವೆಂದು ಜನ ಇನ್ನೂ ಹೊಗಳುತ್ತಿದ್ದ ದಿನಗಳಲ್ಲಿ ಒಬ್ಬ ಪೈಲ್ವಾನ ತನ್ನ ಹಣವನ್ನು ಕಾಡಿನ ಮೇಲೆ ಹೂಡಿದನು. ಅರ್ಧ ಶತಮಾನದ ಮೇಲೆ, 2022ರಲ್ಲಿ, ಪುನೀತ್ ರಾಜಕುಮಾರರ ಕೊನೆಯ ಚಿತ್ರ ತೆರೆಕಂಡಾಗ ಅದಕ್ಕೂ ಇದೇ ಹೆಸರಿತ್ತು, ಅದೂ ಕಾಡಿನದೇ ಚಿತ್ರವಾಗಿತ್ತು.

ನಮ್ಮ ಬಯಲುಸೀಮೆಯವರಿಗೆ ಅಷ್ಟು ಹಸಿರನ್ನು ಒಟ್ಟಿಗೆ ಕಂಡದ್ದೇ ಒಂದು ಸೋಜಿಗ. ಜಾಲಿ ಬೇವುಗಳ ನಡುವೆ ಬೆಳೆದ ನಮ್ಮ ಅವ್ವ ಚಿತ್ರ ಮುಗಿದ ಮೇಲೂ, “ಇಷ್ಟೆಲ್ಲಾ ಗಿಡಕ್ಕ ನೀರು ಯಾರು ಹಾಕತಾರೋ?” ಎಂದು ಕೇಳುತ್ತಿದ್ದಳು.

ಆದರೆ ನಮ್ಮ ಮನೆಗೆ ಹತ್ತಿರವಾಗಿ ತಾಗಿದ್ದು ಮರುವರ್ಷ ಬಂದ ‘ಭೂತಯ್ಯನ ಮಗ ಅಯ್ಯು’. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಲೋಕನಾಥರು ಉಪ್ಪಿನಕಾಯಿ ತಿನ್ನುವ ದೃಶ್ಯವನ್ನು ನೆನೆದು ಜನ ಈಗಲೂ ನಗುತ್ತಾರೆ. ಅದರಲ್ಲಿ ಭೂತಯ್ಯನಾದವರು ಶಂಕರ್: ಬಡ್ಡಿ ಸಾಲದಿಂದ ಊರನ್ನೇ ಹಿಂಡುವ ಮುದುಕ. ಅವನನ್ನು ಕಂಡರೆ ಊರು ಅಂಜುತ್ತದೆ. ಅವನು ಸತ್ತಾಗ ಹೆಗಲು ಕೊಡಲು ಊರಿನವರು ಬರುವುದಿಲ್ಲ.

ಇಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಹೇಳಲೇಬೇಕಾಗಿದೆ. ಅಪ್ಪನಿಗೂ ನಮ್ಮ ಕಾಕಾನಿಗೂ ಹೊಲದ ಬದುವಿನ ಸಲುವಾಗಿ ವ್ಯಾಜ್ಯ ಬಿದ್ದಿತ್ತು. ಕೋರ್ಟಿಗೆ ಹೋಗುವಷ್ಟು ಹಣ ಎರಡೂ ಕಡೆಗೆ ಇರಲಿಲ್ಲ. ಬಿತ್ತುವ ದಿನ ಬಂದಿತೆಂದರೆ ಅಪ್ಪ ಅಣ್ಣನನ್ನು ಕರೆದುಕೊಂಡು ಹೋಗಿ ಬದುವಿನ ಮೇಲೆ ನಿಲ್ಲಿಸುತ್ತಿದ್ದನು. ಅಣ್ಣ ಬೈಯಬೇಕಾಗಿರಲಿಲ್ಲ, ಕೈ ಎತ್ತಬೇಕಾಗಿರಲಿಲ್ಲ. ರುಮಾಲು ಸುತ್ತಿಕೊಂಡು ಸುಮ್ಮನೆ ನಿಂತರೆ ಸಾಕು, ಕಾಕಾನ ಮಕ್ಕಳು ಕೂರಿಗೆ ಹೊತ್ತುಕೊಂಡು ಹಿಂದಿರುಗುತ್ತಿದ್ದರು. ಹೀಗೆ ನಾಲ್ಕು ವರ್ಷ ನಡೆಯಿತು. ಬಾಲ್ಯದಲ್ಲಿ ಅಣ್ಣನನ್ನು ಹೆಗಲ ಮೇಲೆ ಕೂಡಿಸಿಕೊಂಡು ಗರಡಿಗೆ ಮೊದಲು ಕರೆದೊಯ್ದವನು ಅದೇ ಕಾಕಾ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಚಿತ್ರ ನೋಡಿ ಹಿಂದಿರುಗುವಾಗ ಅಣ್ಣ ರೈಲಿನ ಕಿಟಕಿಗೆ ಮುಖವಿಟ್ಟು ಕುಳಿತಿದ್ದನು. ಹುಲಕೋಟಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದನು: “ನನ್ನ ನೋಡಿ ಮಂದಿ ಅಂಜತಾರಂತ ಅಪ್ಪಗ ಭಾಳ ಹೆಮ್ಮಿ. ನಾಳೆ ನಾ ಸತ್ರ ಅವರೇನು ಬರ್ತಾರ?”

ಎರಡು ವರ್ಷಗಳ ಮೇಲೆ ಕಾಕಾ ತೀರಿಕೊಂಡನು. ಸುದ್ದಿ ಬಂದಾಗ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತವನು ಏಳಲಿಲ್ಲ. ಅಣ್ಣ ಎದ್ದನು. “ಎಲ್ಲಿಗೆ?” ಎಂದು ಅಪ್ಪ ಕೇಳಿದನು. “ಕಾಕಾನ ಮನಿಗೆ” ಎಂದನು. ಅವನು ಅಂಗಳಕ್ಕೆ ಕಾಲಿಟ್ಟಾಗ ಕಾಕಾನ ಮಕ್ಕಳು ಜಗಳಕ್ಕೆ ಬಂದನೆಂದೇ ತಿಳಿದು ಎದ್ದುನಿಂತರಂತೆ. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಕಾನ ಕಾಲಿನ ಬಳಿ ಕುಳಿತನು. ಹೆಗಲು ಕೊಡುವ ಹೊತ್ತಿಗೆ ಮುಂದಿನ ಎಡಗಡೆಯ ಜಾಗವನ್ನು ಅವರೇ ಅವನಿಗೆ ಬಿಟ್ಟುಕೊಟ್ಟರು. ಸಿನೆಮಾ ನೋಡಿದ್ದರಿಂದಲೇ ಅಣ್ಣ ಹೋದನೆಂದು ನಾನು ಹೇಳಲಾರೆ. ಕಾಕಾನ ಹೆಗಲ ಋಣವೂ ಇದ್ದಿರಬೇಕು. ಅಪ್ಪ ಮೂರು ತಿಂಗಳು ಅವನೊಡನೆ ಮಾತನಾಡಲಿಲ್ಲ. ಆ ವರ್ಷದ ಬಿತ್ತಿಗೆಯಲ್ಲಿ ಬದುವಿನ ಮೇಲೆ ಯಾರೂ ನಿಲ್ಲಲಿಲ್ಲ. ಕಲ್ಲು ಎಲ್ಲಿತ್ತೋ ಅಲ್ಲಿಯೇ ಉಳಿಯಿತು.

ಮುಂದೆ ಮನೆಮನೆಗೆ ದೂರದರ್ಶನ ಬಂದಿತು. 1987ರಲ್ಲಿ ‘ರಾಮಾಯಣ’ ಆರಂಭವಾಗಿ ದಾರಾಸಿಂಗ್ ಹನುಮಂತನಾಗಿ ಕಾಣಿಸಿಕೊಂಡಾಗ ನಮ್ಮೋಣಿಯ ಮುದುಕಿಯರು ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿದರು. ಅಣ್ಣನಿಗೆ ಅದು ಬಹಳ ಹಿಡಿಸಿತು. “ಕಡೀಕ ಪೈಲ್ವಾನಗ ದೇವರ ಪಾರ್ಟು ಸಿಕ್ತು ನೋಡು” ಎಂದು ನಕ್ಕನು. ಭಾನುವಾರದ ಸಂಜೆ ಹಳೆಯ ಕನ್ನಡ ಚಿತ್ರಗಳನ್ನು ಹಾಕುತ್ತಿದ್ದರು. ಶಂಕರ್ ಇದ್ದಾರೆಂದು ತಿಳಿದರೆ ಮೊಮ್ಮಕ್ಕಳನ್ನು ಕರೆದು ಕೂಡಿಸುತ್ತಿದ್ದನು. ಅವರು ಹೆದರಿದರೆ, “ಅಂವಾ ಭಾಳ ಛಲೋ ಮನಿಷ್ಯಾ, ಕಾಡು ಉಳಿಸಬೇಕಂತ ಸಿನೆಮಾ ತಗದಾಂವ” ಎಂದು ವಕಾಲತ್ತು ವಹಿಸುತ್ತಿದ್ದನು.

‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದುದು 2008ರಲ್ಲಿ. ಅದೇ ವರ್ಷದ ಜುಲೈ 17ರಂದು ಮೈಸೂರಿನಲ್ಲಿ ಶಂಕರ್ ನಿಧನರಾದರು. ನಾನಾಗ ಹುಬ್ಬಳ್ಳಿಯಲ್ಲಿದ್ದೆನು. ಕಣ್ಣಿಗೆ ಪೊರೆ ಬಂದು ಓದಲಾಗದಿದ್ದ ಅಣ್ಣ ಊರಿನಿಂದ ದೂರವಾಣಿಯಲ್ಲಿ ಕೇಳಿದನು:

“ಪೇಪರದಾಗ ಏನಂತ ಬರದಾರ? ಖಳನಾಯಕ ಅಂತನೋ, ಪೈಲ್ವಾನ ಅಂತನೋ?”

“ಎರಡೂ ಬರದಾರ.”

“ಮತ್ತ ಗಂಧದ ಗುಡಿ?”

“ಅದೂ ಐತಿ.”

“ಹಂಗಾರ ಛಲೋ ಆತು” ಎಂದು, ಹೆಸರು ಬಿಡಿಸುವುದಕ್ಕೆ ಆಳು ಸಿಕ್ಕುತ್ತಿಲ್ಲವೆಂದೂ, ಕಾಕಾನ ಹಿರಿಯ ಮಗ ತನ್ನ ಮನೆಯವರನ್ನೇ ಕಳಿಸುತ್ತೇನೆಂದಿರುವನೆಂದೂ ಹೇಳತೊಡಗಿದನು.